ಪಾರಿಜಾತವನ್ನು ಕಿತ್ತು ನೆಡುವ ಮುನ್ನ

ಶ್ರಾವಣ ಭಾದ್ರಪದಗಳ ಬೆಳಗಿನಲ್ಲಿ ಪಾರಿಜಾತದ ಗಿಡವಿರುವ ಅಂಗಳವನ್ನು ಕಂಡವರಿಗೆ ಅದರ ಸೊಬಗನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಸೂರ್ಯಾಸ್ತದ ಅನಂತರ ಬಿರಿದ ಹೂಗಳು ಬೆಳಕು ಹರಿಯುವ ವೇಳೆಗೆ ತಾವಾಗಿಯೇ ಕಳಚಿ ನೆಲಕ್ಕಿಳಿದಿರುತ್ತವೆ. ಬಿಳಿಯ ಎಸಳು, ಕೇಸರಿಯ ನಾಳ. ಭೂಮಿಗೆ ಬಿದ್ದ ಹೂವು ಪೂಜೆಗೆ ಸಲ್ಲದೆಂಬುದು ಸಾಮಾನ್ಯ ನಿಯಮವಾದರೂ ಪಾರಿಜಾತಕ್ಕೆ ನಮ್ಮ ಮನೆಗಳಲ್ಲಿ ವಿನಾಯಿತಿಯುಂಟು. ಗಿಡದ ಬುಡವನ್ನು ಸಾರಿಸಿಯೋ ಮಡಿಬಟ್ಟೆಯನ್ನು ಹಾಸಿಯೋ ಆ ಹೂಗಳನ್ನು ಆಯ್ದು ದೇವರಿಗೆ ಏರಿಸುವ ಪದ್ಧತಿ ಹಿಂದಿನಿಂದ ಬಂದಿದೆ. ಬೇರೆ ಹೂವನ್ನು ನಾವು ಗಿಡದಿಂದ ಕೊಯ್ಯುತ್ತೇವೆ. ಪಾರಿಜಾತವನ್ನಾದರೋ ಗಿಡವೇ ಕೊಡುತ್ತದೆ. ಹೀಗೆ ಕೇಳದೆ ಕೊಡುವ ಗಿಡವನ್ನು ಬೇರುಸಹಿತ ಎಬ್ಬಿಸಿ ಬೇರೊಂದೆಡೆಗೆ ಒಯ್ಯುವುದು ಧರ್ಮವೇ, ಅಧರ್ಮವೇ ಎಂಬ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಎದ್ದಿತು. ಮೊದಲಿಗೆ ಅದು ತೋಟಗಾರಿಕೆಯ ಪ್ರಶ್ನೆಯೆಂದೇ ನಾವು ಭಾವಿಸಿದ್ದೆವು. ಹಾಗಲ್ಲವೆಂಬುದು ತಿಳಿದುಬಂದ ಬಗೆಯನ್ನು ಆಸ್ತಿಕ ಬಂಧುಗಳ ಮುಂದೆ ನಿವೇದಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿನಲ್ಲಿ 1898ರ ಪ್ಲೇಗಿನ ಸುಮಾರಿಗೆ ರೂಪುಗೊಂಡ ಬಸವನಗುಡಿಯಲ್ಲಿ ನಮ್ಮ ಹಿರಿಯರ ಮನೆಯಿತ್ತು. ಅಣ್ಣತಮ್ಮಂದಿರ ನಡುವೆ ಪಾಲು ಆಗಬೇಕಾದ್ದರಿಂದ ಅದನ್ನು ಮಾರುವುದೆಂದು ನಿಶ್ಚಯವಾಯಿತು. ಕೊಂಡವರು ಹಳೆಯ ಮನೆಯನ್ನು ಕೆಡವಿ ಅಂತಸ್ತುಗಳ ಕಟ್ಟಡವನ್ನು ಎಬ್ಬಿಸುವವರಿದ್ದರು, ಅಂಗಳವೆಂಬುದು ಉಳಿಯುವಂತಿರಲಿಲ್ಲ. ಕರಾರು ಮುಗಿದ ಮೇಲೆ ನಾವು ಈ ಸಂಗತಿಯನ್ನು ಮಾತೃಶ್ರೀಯವರಿಗೆ ಅರಿಕೆ ಮಾಡಿದೆವು. ಆಗ ಅವರಿಗೆ ಎಂಬತ್ತು ದಾಟಿತ್ತು. ಅವರು ಬೆಲೆಯನ್ನು ಕೇಳಲಿಲ್ಲ, ಹೊಸ ಮನೆ ಎಲ್ಲಿಯೆಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾರಿಜಾತ?" ಎಂದರು. ತೀರ್ಥರೂಪರು ದೈವಾಧೀನರಾದ ವರ್ಷ ಅವರೇ ಕೈಯಾರೆ ನೆಟ್ಟ ಗಿಡವದು. ಹದಿನೆಂಟು ವರ್ಷ ಅದರ ಹೂವಿಲ್ಲದೆ ನಮ್ಮ ಮನೆಯ ಶರತ್ಕಾಲದ ಪೂಜೆ ನಡೆದುದಿಲ್ಲ.

ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದವು. ನಮ್ಮ ತಮ್ಮನೆಂದ: "ಗಿಡಕ್ಕೆ ಇಷ್ಟು ಚಿಂತೆ ಯಾಕೆ? ಲಾಲ್‌ಬಾಗಿಗೆ ಹೋದರೆ ಇಂಥದೇ ಒಂದು ಸಸಿ ತಂದು ನೆಡಬಹುದು." ಮಾತೃಶ್ರೀಯವರ ಅಭಿಪ್ರಾಯ, ಅದೇ ಗಿಡವೇ ಬರಬೇಕೆಂಬುದು. ನಮ್ಮದಾದರೋ, ಒಪ್ಪಿಕೊಳ್ಳಲು ಸಂಕೋಚವಾಗುವಂಥ ಮೂರನೆಯದೊಂದು ಅಭಿಪ್ರಾಯ. ಬೆಳೆದ ಗಿಡವನ್ನು ಕಿತ್ತರೆ ಅದು ಸಾಯುವ ಸಂಭವವೇ ಹೆಚ್ಚು. ನಾವು ಕಿತ್ತು ಅದು ಸತ್ತರೆ ಆ ದೋಷ ನಮ್ಮ ತಲೆಗೆ ಬರುತ್ತದೆ. ಬಿಟ್ಟುಹೋದರೆ ಕೊಂಡವರು ಕಡಿಯುತ್ತಾರೆ. ಆಗ ದೋಷ ಅವರದು. ಆದ್ದರಿಂದ ಸುಮ್ಮನೆ ನಮಸ್ಕಾರ ಮಾಡಿ ಹೊರಟುಬಿಡುವುದೇ ಮೇಲೆಂದು ನಮ್ಮ ಮನಸ್ಸು ಹೇಳುತ್ತಿತ್ತು.

ಈ ಮೂರನ್ನೂ ಶಾಸ್ತ್ರದ ಬೆಳಕಿನಲ್ಲಿ ಒರೆಗೆ ಹಚ್ಚಿ ನೋಡುವುದು ಉಚಿತ.

ಗಿಡದಲ್ಲಿ ಜೀವನಿದ್ದಾನೆಯೇ ಎಂಬ ವಿಷಯದಲ್ಲಿ ನಮಗೆ ಸಂದೇಹವಿರಕೂಡದು. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಉಪದೇಶಿಸುವಾಗ ಮಹಾವೃಕ್ಷವೊಂದರ ದೃಷ್ಟಾಂತವನ್ನು ಕೊಡುತ್ತಾನೆ. ಬುಡಕ್ಕೆ ಪೆಟ್ಟು ಹಾಕಿದರೂ, ನಡುವಿಗೆ ಹಾಕಿದರೂ, ತುದಿಗೆ ಹಾಕಿದರೂ ಅದು ರಸವನ್ನು ಸುರಿಸುತ್ತಲೇ ಬದುಕುತ್ತದೆ. ಜೀವನು ಒಂದು ಕೊಂಬೆಯನ್ನು ಬಿಟ್ಟರೆ ಆ ಕೊಂಬೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಮರವೇ ಒಣಗುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜರ ಸಂವಾದದಲ್ಲಿಯೂ ಇದೇ ವಿಚಾರ ಬರುತ್ತದೆ. ಮರಗಳು ಕಾಣುತ್ತವೆ, ಕೇಳುತ್ತವೆ, ಮೂಸುತ್ತವೆ, ಬೇರುಗಳೆಂಬ ಪಾದಗಳಿಂದ ನೀರು ಕುಡಿಯುತ್ತವೆ, ಕಡಿದರೆ ಮತ್ತೆ ಚಿಗುರುತ್ತವೆ, ಸುಖದುಃಖಗಳನ್ನು ಹೊಂದುತ್ತವೆ ಎಂದು ಭೃಗುಮಹರ್ಷಿಯು ಯುಕ್ತಿಪೂರ್ವಕವಾಗಿ ನಿರೂಪಿಸುತ್ತಾನೆ. ಆಧುನಿಕರಲ್ಲಿ ಜಗದೀಶಚಂದ್ರ ಬೋಸರು (1858-1937) ಸಸ್ಯಗಳು ಹೊರಗಿನ ಆಘಾತಕ್ಕೆ ಪ್ರತಿಸ್ಪಂದಿಸುವುದನ್ನು ಸೂಕ್ಷ್ಮ ಯಂತ್ರಗಳಿಂದ ಅಳೆದು ತೋರಿಸಿದರು. ಅವರ ಅಳತೆಗಳು ಜೀವನಿದ್ದಾನೆಂಬುದಕ್ಕೆ ಪ್ರಮಾಣವೆಂದು ನಾವು ಹೇಳುವುದಿಲ್ಲ. ಅದಕ್ಕೆ ನಮಗೆ ಶ್ರುತಿಯೇ ಪ್ರಮಾಣ. ಗಿಡವನ್ನು ಜಡವೆಂದು ತಿಳಿದು ವ್ಯವಹರಿಸುವವರು ಒಮ್ಮೆ ನಿಂತು ಯೋಚಿಸುವಂತಾಗಲು ಅವು ಸಾಕು.

ಹೀಗಿರುವಾಗ ತಮ್ಮನ ಮಾತು ಎಲ್ಲಿ ಸೋಲುತ್ತದೆಂಬುದು ಸ್ಪಷ್ಟ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಪಂಚಭೇದಗಳು ಸತ್ಯ. ಜೀವ ಜೀವರ ಭೇದವು ಅವುಗಳಲ್ಲೊಂದು. ಒಬ್ಬ ಜೀವನಂತೆ ಮತ್ತೊಬ್ಬನಿಲ್ಲ, ಒಬ್ಬನ ಸ್ಥಾನವನ್ನು ಮತ್ತೊಬ್ಬನು ತುಂಬಲಾರ. ಲಾಲ್‌ಬಾಗಿನಿಂದ ತರುವ ಸಸಿಯೂ ಪೂಜ್ಯವೇ, ಅದರ ಹೂವೂ ಶ್ರೀಹರಿಗೆ ಪ್ರಿಯವೇ. ಆದರೆ ಅದು ಈ ಗಿಡವಲ್ಲ. "ಇಂಥದೇ ಒಂದು" ಎಂಬ ಮಾತು ಪಾತ್ರೆಗೆ ಸಲ್ಲುತ್ತದೆ, ಕುರ್ಚಿಗೆ ಸಲ್ಲುತ್ತದೆ, ಜೀವಿಗೆ ಸಲ್ಲದು. ಹದಿನೆಂಟು ವರ್ಷ ಸೇವೆ ಸಲ್ಲಿಸಿದವನನ್ನು ಬೀದಿಯಲ್ಲಿ ಬಿಟ್ಟು, ಅವನಂಥವನೇ ಬೇರೊಬ್ಬನು ಸಿಕ್ಕಿದನೆಂದು ಸಮಾಧಾನಪಟ್ಟುಕೊಂಡರೆ ಅದು ಕೃತಘ್ನತೆಯಲ್ಲವೇ?

ಇನ್ನು ನಮ್ಮ ಅಭಿಪ್ರಾಯದ ಗತಿಯೇನು? ಸುಮ್ಮನಿದ್ದವನಿಗೆ ದೋಷವಿಲ್ಲವೆಂಬುದು ನಮ್ಮ ಆಶ್ರಯವಾಗಿತ್ತು. ಎಲ್ಲವೂ ಹರಿಯ ಅಧೀನವಾಗಿರುವಾಗ ಗಿಡ ಉಳಿಯುವುದೂ ಅಳಿಯುವುದೂ ಅವನ ಚಿತ್ತವೆಂದು ಅದಕ್ಕೆ ವೇದಾಂತದ ಹೊದಿಕೆಯನ್ನೂ ಹೊದಿಸಿದ್ದೆವು. ಆದರೆ ತತ್ತ್ವವಾದವು ಜೀವನಿಗೆ ಕರ್ತೃತ್ವವೇ ಇಲ್ಲವೆನ್ನುವುದಿಲ್ಲ. ಕರ್ತೃತ್ವವುಂಟು, ಅದು ಪರಾಧೀನವಾದುದು ಎನ್ನುತ್ತದೆ. ಕರ್ತೃತ್ವವೇ ಇಲ್ಲದಿದ್ದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರ ಯಾರಿಗಾಗಿ? ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತಾನೆ: ಅಧಿಷ್ಠಾನ, ಕರ್ತೃ, ಕರಣಗಳು, ಚೇಷ್ಟೆಗಳು, ಐದನೆಯದಾಗಿ ದೈವ. ದೈವವು ಐದನೆಯದೆಂದು ಹೇಳಿದ್ದಾನೆಯೇ ಹೊರತು ಉಳಿದ ನಾಲ್ಕನ್ನು ಕೈಬಿಡೆಂದು ಹೇಳಿಲ್ಲ. ಕೈಯಲ್ಲಿ ಶಕ್ತಿಯಿದ್ದು, ಮುಂದೆ ಕಾಲಾವಕಾಶವಿದ್ದು, ಉಳಿಸಲು ಯತ್ನಿಸದೆ ಹೊರಟವನು ಕರ್ಮವನ್ನು ಮಾಡದವನಲ್ಲ. ಬಿಟ್ಟುಹೋಗುವ ಕರ್ಮವನ್ನು ಮಾಡಿದವನು. ದೋಷದ ಭಯದಿಂದ ನಾವು ಹಿಡಿದಿದ್ದ ದಾರಿ ದೋಷದ ದಾರಿಯೇ ಆಗಿತ್ತು.

ಉಳಿದದ್ದು ಮಾತೃಶ್ರೀಯವರ ಅಭಿಪ್ರಾಯ. ಅದರಲ್ಲಿಯೂ ಒಂದು ತೊಡಕುಂಟು. "ನಮ್ಮ ಗಿಡ" ಎಂಬ ಮಮಕಾರದಿಂದ ಕಿತ್ತೊಯ್ದರೆ ಅದೂ ಸ್ವಾರ್ಥವೇ. ಇಲ್ಲಿ ಸಹಜವಾಗಿ ಶ್ರೀಕೃಷ್ಣನ ಪಾರಿಜಾತಾಪಹರಣದ ಕಥೆ ನೆನಪಿಗೆ ಬರುತ್ತದೆ. ಪುರಾಣದ ದೇವತರುವೂ ನಮ್ಮ ಅಂಗಳದ ಗಿಡವೂ ಒಂದೇ ಎಂಬುದು ನಮ್ಮ ವಾದವಲ್ಲ. ಹೆಸರಿನ ಸಂಬಂಧವಷ್ಟೇ ಸಾಕು. ನರಕಾಸುರನ ವಧೆಯಾದ ಮೇಲೆ ಅದಿತಿಯ ಕುಂಡಲಗಳನ್ನು ಒಪ್ಪಿಸಲು ಸತ್ಯಭಾಮೆಯೊಡನೆ ಸ್ವರ್ಗಕ್ಕೆ ಹೋದ ಶ್ರೀಕೃಷ್ಣನು ಪಾರಿಜಾತವನ್ನು ಕಿತ್ತು, ಗರುಡನ ಮೇಲಿರಿಸಿ, ತಡೆಯಬಂದ ಇಂದ್ರಾದಿಗಳನ್ನು ಗೆದ್ದು ದ್ವಾರಕೆಗೆ ತಂದನೆಂದೂ, ಸತ್ಯಭಾಮೆಯ ಉದ್ಯಾನದಲ್ಲಿ ಅದನ್ನು ನೆಟ್ಟಾಗ ಸ್ವರ್ಗದ ದುಂಬಿಗಳು ಪರಿಮಳದ ಆಸೆಯಿಂದ ಅಲ್ಲಿಗೂ ಹಿಂಬಾಲಿಸಿದುವೆಂದೂ ಭಾಗವತದ ದಶಮಸ್ಕಂಧವು ಹೇಳುತ್ತದೆ. ವಿಷ್ಣುಪುರಾಣದ ಐದನೆಯ ಅಂಶದಲ್ಲಿ ಸತ್ಯಭಾಮೆಯು ಒಂದು ನ್ಯಾಯವನ್ನು ಎತ್ತುತ್ತಾಳೆ. ಸಮುದ್ರಮಥನದಲ್ಲಿ ಹುಟ್ಟಿದ ಈ ವೃಕ್ಷವು ಎಲ್ಲ ಲೋಕಗಳಿಗೂ ಸಾಮಾನ್ಯವಾದುದು. ಇಂದ್ರನೊಬ್ಬನಿಗೆ ಅದರ ಒಡೆತನ ಹೇಗೆ ಬಂತು? ಎಂಬುದು ಅವಳ ವಾದ.

ಆ ಮಾತು ನಮಗೂ ಅನ್ವಯಿಸುತ್ತದೆಂದು ಹಿಗ್ಗುವುದಕ್ಕೆ ಮೊದಲು ಕಥೆಯ ಕೊನೆಯನ್ನು ನೋಡಬೇಕು. ಶ್ರೀಕೃಷ್ಣನು ಭೂಲೋಕವನ್ನು ಬಿಟ್ಟ ಮೇಲೆ ಪಾರಿಜಾತವು ಸ್ವರ್ಗಕ್ಕೆ ಮರಳಿತೆಂದು ಅದೇ ಪುರಾಣ ಹೇಳುತ್ತದೆ. ಕೃಷ್ಣನು ಸ್ವತಂತ್ರ, ಇಂದ್ರನೂ ಅವನ ದಾಸ, ಇಂದ್ರನ ನಂದನವೂ ಅವನದೇ. ಅವನು ಕಿತ್ತನೆಂಬುದು ಅಸ್ವತಂತ್ರರಾದ ನಮಗೆ ಕೀಳುವ ಅಪ್ಪಣೆಯಾಗದು. ಆ ಕಥೆಯಿಂದ ನಾವು ತೆಗೆದುಕೊಳ್ಳಬಹುದಾದ ಪಾಠವೆಂದರೆ, ಇಂದ್ರನ ಒಡೆತನವೂ ನಿಲ್ಲಲಿಲ್ಲ, ಸತ್ಯಭಾಮೆಯ ಅಂಗಳವೂ ಅದಕ್ಕೆ ಶಾಶ್ವತವಾಗಲಿಲ್ಲವೆಂಬುದು. ಅಂಗಳದ ಗಿಡ ನಮ್ಮದಲ್ಲ. ನಮ್ಮ ವಶದಲ್ಲಿ ಕೆಲಕಾಲ ಇರುವ ಹರಿಯ ಸೊತ್ತು. ಪರರ ಸೊತ್ತನ್ನು ವಹಿಸಿಕೊಂಡವನು ಅದನ್ನು ಕಾಯಬೇಕು. ಸ್ಥಳ ಬದಲಾಯಿಸಲೇಬೇಕಾದರೆ ಅದಕ್ಕೆ ಆದಷ್ಟು ಕಡಿಮೆ ನೋವಾಗುವ ಹಾಗೆ ಬದಲಾಯಿಸಬೇಕು. ಇಲ್ಲಿಗೆ ಪ್ರಶ್ನೆಯ ರೂಪವೇ ಮಾರ್ಪಟ್ಟಿತು. ಕೀಳಬಹುದೇ ಎಂಬುದು ಹೋಗಿ, ಹೇಗೆ ಕೀಳಬೇಕೆಂಬುದೇ ಧರ್ಮದ ವಿಷಯವಾಯಿತು.

ಇದನ್ನು ಬಲ್ಲವನು ನಾವಲ್ಲ, ನಮ್ಮ ಬಡಾವಣೆಯ ತೋಟಗಳಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವೃದ್ಧ ಮಾಲಿ. ಮಾಘಮಾಸದಲ್ಲಿ, ಮಧ್ವನವಮಿ ಕಳೆದ ಮೇಲೆ ಅವನನ್ನು ಕರೆಸಿದೆವು. ಗಿಡವನ್ನು ಸುತ್ತಿ ನೋಡಿ, "ಯಾವಾಗ ಬಿಡಬೇಕು ಮನೆ?" ಎಂದು ಕೇಳಿದ. ಜ್ಯೇಷ್ಠದ ಕೊನೆಗೆ ಎಂದೆವು. "ಹಾಗಾದರೆ ಉಳಿಸಬಹುದು ಸ್ವಾಮಿ. ನಾಳೆಯೇ ಅಂದಿದ್ದರೆ ಆಗ್ತಿರಲಿಲ್ಲ. ಬೇರು ಕಡಿದ ನೋವು ಒಂದೇ ಸಾರಿಗೆ ಕೊಡಬಾರದು" ಎಂದ.

ಅಂದು ಅವನು ಬುಡದಿಂದ ಒಂದಡಿ ದೂರದಲ್ಲಿ, ಸುತ್ತಿನ ಅರ್ಧಭಾಗಕ್ಕೆ ಮಾತ್ರ, ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಅಡ್ಡ ಬಂದ ಬೇರುಗಳನ್ನು ಹರಿತವಾದ ಅಲಗಿನಿಂದ ನುಣುಪಾಗಿ ಕತ್ತರಿಸಿದ. ಆ ಕಾಲುವೆಯನ್ನು ಒಳ್ಳೆಯ ಮಣ್ಣು ಮತ್ತು ಕೊಳೆತ ಎಲೆಯಿಂದ ತುಂಬಿದ. ಗಿಡಕ್ಕೆ ನೀರುಣಿಸುವುದು ದಪ್ಪ ಬೇರಲ್ಲ, ತುದಿಯ ಕೂದಲಿನಂಥ ಬೇರುಗಳು. ಅವು ಬುಡದಿಂದ ದೂರದಲ್ಲಿರುತ್ತವೆ, ಕೀಳುವಾಗ ಮೊದಲು ಹೋಗುವುದು ಅವೇ. ಮೊದಲೇ ಕತ್ತರಿಸಿಟ್ಟರೆ ಕತ್ತರಿಸಿದ ಬಾಯಲ್ಲಿ, ಅಂದರೆ ಬುಡದ ಹತ್ತಿರದಲ್ಲಿಯೇ, ಹೊಸ ಎಳೆಬೇರುಗಳು ಒಡೆಯುತ್ತವೆ. ಅಷ್ಟರವರೆಗೆ ಉಳಿದರ್ಧದ ಬೇರುಗಳು ಗಿಡವನ್ನು ಸಾಕುತ್ತವೆ. ಚೈತ್ರದಲ್ಲಿ, ರಾಮನವಮಿಯಾದ ಬಳಿಕ, ಇನ್ನರ್ಧಕ್ಕೂ ಹೀಗೆಯೇ ಮಾಡಿದ.

ಜ್ಯೇಷ್ಠದಲ್ಲಿ ಮುಂಗಾರು ಹನಿಯಿತು. ಮುನ್ನಾದಿನ ಬುಡಕ್ಕೆ ತುಂಬ ನೀರು ಹಾಕಿಸಿದ. ಹತ್ತಡಿಯ ಗಿಡವನ್ನು ಐದಡಿಗೆ ಸವರಿದ. "ಕಾಲಿನ ಬಲ ಕಡಿಮೆ ಮಾಡಿದ ಮೇಲೆ ತಲೆಯ ಭಾರವನ್ನೂ ಇಳಿಸಬೇಕು" ಎಂಬುದು ಅವನ ನ್ಯಾಯ; ಎಲೆಗಳು ಹೆಚ್ಚಿದ್ದಷ್ಟೂ ಅವು ಆವಿಯಾಗಿ ಬಿಡುವ ನೀರು ಹೆಚ್ಚು, ಅದನ್ನು ಒದಗಿಸುವ ಬೇರು ಆಗ ಕಡಿಮೆ. ಸವರಿದ ಕೊಂಬೆಗಳಲ್ಲಿ ಕೆಲವನ್ನು ಒಂದು ಬಾನಿಯ ಮಣ್ಣಿನಲ್ಲಿ ಊರಿಟ್ಟ, ತಾಯಿ ಹೋದರೂ ಮಗು ಉಳಿಯಲೆಂದು. ಉತ್ತರಕ್ಕೆ ಮುಖವಾದ ಕೊಂಬೆಗೆ ಒಂದು ದಾರ ಕಟ್ಟಿದ. ಬಳಿಕ ಬುಡದ ಮಣ್ಣು ಹೆಂಟೆಯಂತೆ ಎದ್ದುಬರುವ ಹಾಗೆ ಅಗೆದು, ಅದನ್ನು ಗೋಣಿಯಿಂದ ಸುತ್ತಿ ಹಗ್ಗದಿಂದ ಬಿಗಿದು, ಆರು ಜನ ಬೊಂಬುಗಳ ಮೇಲೆ ಹೊತ್ತು ಗಾಡಿಗೆ ಏರಿಸಿದರು. "ಹಳೇ ಮಣ್ಣು ಉದುರಬಾರದು. ಹೊಸ ಜಾಗದಲ್ಲಿ ಅದಕ್ಕೆ ಗುರುತಿನೋರು ಅಂದ್ರೆ ಆ ಮಣ್ಣೇ" ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ. ಹೊಸ ಮನೆಯ ಹಿತ್ತಲಿನಲ್ಲಿ, ಹಿಂದೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ, ದಾರ ಕಟ್ಟಿದ ಕೊಂಬೆ ಉತ್ತರಕ್ಕೇ ಬರುವಂತೆ ನೆಟ್ಟು, ಗಾಳಿಗೆ ಅಲುಗದಂತೆ ಕೋಲು ಕೊಟ್ಟು, ತೆಂಗಿನ ಗರಿಯ ನೆರಳು ಕಟ್ಟಿದ. ನಾವು ಉತ್ಸಾಹದಿಂದ ಗೊಬ್ಬರದ ಮೂಟೆಯನ್ನು ತಂದೆವು. ಅವನು ಅದನ್ನು ಬದಿಗಿರಿಸಿ, "ಜ್ವರ ಬಂದೋರಿಗೆ ಹೋಳಿಗೆ ಹಾಕ್ತೀರಾ? ಬೇರು ಹಿಡಿಯಲಿ, ಆಮೇಲೆ" ಎಂದ.

ಆಷಾಢ ಬಂತು. ಶಯನೈಕಾದಶಿಯ ವೇಳೆಗೆ ಗಿಡದಲ್ಲಿ ಒಂದೂ ಎಲೆಯಿರಲಿಲ್ಲ. ಲಿನೇಯಸನು 1753ರಲ್ಲಿ ಈ ಗಿಡಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥ ದುಃಖದ ಮರವೆಂದು. ಆ ದಿನಗಳಲ್ಲಿ ಅದು ನಮ್ಮ ಹಿತ್ತಲಿನಲ್ಲಿ ಆ ಹೆಸರಿಗೆ ತಕ್ಕಂತೆಯೇ ನಿಂತಿತ್ತು. ನೋಡಲು ಬಂದ ಮಾಲಿ ಕಾಂಡವನ್ನು ಉಗುರಿನಿಂದ ಕೊಂಚ ಕೆರೆದ. ಸಿಪ್ಪೆಯ ಕೆಳಗೆ ಹಸಿರಿತ್ತು. "ಇದೆ. ಕಾಯಬೇಕು" ಎಂದ. ಹೊರಡುವಾಗ ಒಳಗೆ ಇಣುಕಿ, "ಅಮ್ಮಾವ್ರು ಯಾಕೆ ಇಷ್ಟು ಬಾಡಿದಾರೆ?" ಎಂದು ಕೇಳಿದ.

ಆ ಮಾತು ನಮ್ಮನ್ನು ತಟ್ಟಿದ ಬಗೆಯನ್ನು ಹೇಳುವುದು ಕಷ್ಟ. ಮಾತೃಶ್ರೀಯವರ ಊಟ ಕಡಿಮೆಯಾದುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆವು. ಅಂದು ಸಂಜೆ ಬಳಿಯಲ್ಲಿ ಕುಳಿತು ಕೇಳಿದಾಗ ಮೊದಲು, "ಏನೂ ಇಲ್ಲಪ್ಪ" ಎಂದರು. ಮತ್ತೆ ಕೇಳಿದ ಮೇಲೆ, "ಗಂಧ ತೇಯೋ ಸಾಣೆಕಲ್ಲು ಎಲ್ಲೋ ಹೋಯಿತು. ಹೊಸದರಲ್ಲಿ ನನಗೆ ಕೈ ಕೂಡೋದಿಲ್ಲ" ಎಂದರು.

ಅದು ಹೋಗಿರಲಿಲ್ಲ. ಸಾಮಾನು ಕಟ್ಟುವಾಗ, ಸವೆದ ಕಲ್ಲು, ಹೊಸದು ಅಂಗಡಿಯಲ್ಲಿ ಸಿಗುತ್ತದೆಂದು ನಾವೇ ಅದನ್ನು ಹಿಂದೆ ಬಿಟ್ಟಿದ್ದೆವು. ಅತ್ತೆಯವರ ಕೈಯಿಂದ ಅವರ ಕೈಗೆ ಬಂದ ಕಲ್ಲು ಅದು. "ಇಂಥದೇ ಒಂದು" ಎಂದ ತಮ್ಮನನ್ನು ಪಂಚಭೇದದ ಮಾತಿನಿಂದ ಆಕ್ಷೇಪಿಸಿದ ನಾವು, ತಾಯಿಯ ವಿಷಯದಲ್ಲಿ ಅದೇ ಮಾತನ್ನು ಬಾಯಿಬಿಟ್ಟು ಹೇಳದೆಯೇ ಆಚರಿಸಿದ್ದೆವು. ಕಲ್ಲು ಜಡವೇ ಇರಬಹುದು. ಅದರ ಮೇಲೆ ಅರವತ್ತು ವರ್ಷ ಗಂಧ ತೇಯ್ದ ಕೈ ಜಡವಲ್ಲ. ಗಿಡದ ಉತ್ತರದ ಕೊಂಬೆಗೆ ದಾರ ಕಟ್ಟಿಸಿದೆವು. ತಾಯಿಯ ಮಂಚವನ್ನು ಮಾತ್ರ ದೇವರ ಮನೆ ಕಾಣದ ಕಡೆಗೆ ಹಾಕಿದ್ದೆವು. ಗಿಡದ ಬುಡದಲ್ಲಿ ಹಳೆಯ ಮಣ್ಣು ಉದುರದಂತೆ ಗೋಣಿ ಸುತ್ತಿದೆವು. ತಾಯಿಯ ಸುತ್ತಲಿನ ಮಣ್ಣನ್ನೆಲ್ಲ ಹಳೆಯ ಸಾಮಾನೆಂದು ಕೊಡವಿಬಿಟ್ಟೆವು. ಕೇಳಬೇಕೆಂದರೂ ಗಿಡಕ್ಕೆ ಬಾಯಿಲ್ಲ. ಬಾಯಿದ್ದ ತಾಯಿಯನ್ನು ಮನೆ ಮಾರುವ ಮೊದಲು ನಾವು ಒಂದು ಮಾತು ಕೇಳಿರಲಿಲ್ಲ. ಅವರು "ಪಾರಿಜಾತ?" ಎಂದು ಕೇಳಿದ್ದು ಗಿಡವೊಂದರ ವಿಷಯವನ್ನೇ ಎಂದು ತಿಳಿದುದು ನಮ್ಮ ಮೌಢ್ಯ.

ಮರುದಿನ ಬೆಳಿಗ್ಗೆ ಹಳೆಯ ಮನೆಗೆ ಹೋದೆವು. ಹೆಂಚು ಇಳಿಸಿದ್ದರು, ಗೋಡೆ ಇನ್ನೂ ನಿಂತಿತ್ತು. ಹಿತ್ತಲಿನ ಬಚ್ಚಲ ಪಕ್ಕದಲ್ಲಿ ಕಲ್ಲು ಸಿಕ್ಕಿತು. ತಂದು ತೊಳೆದು ಮುಂದಿಟ್ಟಾಗ ಮಾತೃಶ್ರೀಯವರು ಏನನ್ನೂ ಹೇಳಲಿಲ್ಲ. ಸೆರಗಿನಿಂದ ಒರೆಸಿ, ಗಂಧದ ಕೊರಡನ್ನು ತರಹೇಳಿದರು. ಮಂಚವನ್ನೂ ಅಂದೇ ತಿರುಗಿಸಿದೆವು. ಇದರಿಂದ ನಮ್ಮ ತಪ್ಪು ಪರಿಹಾರವಾಯಿತೆಂದು ನಾವು ಹೇಳಲಾರೆವು. ಮಾರಿದ ಮನೆ ಮಾರಿದ್ದೇ. ಕೇಳದೆ ಮಾಡಿದ ಕಾರ್ಯವನ್ನು ಆಮೇಲೆ ಕೇಳಿ ತಿದ್ದಲಾಗದು; ಅದರ ನೋವನ್ನು ಸ್ವಲ್ಪ ಇಳಿಸಬಹುದು, ಅಷ್ಟೇ.

ಈ ಕಾಲದಲ್ಲಿ ಸ್ಥಳಾಂತರವಿಲ್ಲದ ಮನೆಯಿಲ್ಲ. ಉದ್ಯೋಗಕ್ಕಾಗಿ ಮಕ್ಕಳು ದೂರದೇಶಕ್ಕೆ ಹೋಗುತ್ತಾರೆ. ಅಗ್ರಹಾರದ ಮನೆಗಳಿಗೆ ಬೀಗ ಬೀಳುತ್ತದೆ. ವೃದ್ಧರಾದ ತಂದೆತಾಯಿಗಳು ಮಗನ ಊರಿಗೋ ಮಗಳ ಊರಿಗೋ ಬರಬೇಕಾಗುತ್ತದೆ. ಇದೆಲ್ಲ ತಪ್ಪೆಂದು ನಾವು ಹೇಳುತ್ತಿಲ್ಲ. ಉಡುಪಿಯ ಶ್ರೀಕೃಷ್ಣನೇ ದ್ವಾರಕೆಯಿಂದ ಹಡಗನ್ನೇರಿ ಬಂದವನೆಂದು ನಮ್ಮ ಸಂಪ್ರದಾಯ ಹೇಳುತ್ತದೆ. ಆಗಲೂ ಅವನು ಬಂದುದು ಗೋಪೀಚಂದನದ ಮಣ್ಣಿನ ಗಡ್ಡೆಯೊಳಗೆ ಎಂಬುದನ್ನು ಮರೆಯಬಾರದು. ಸ್ಥಳಾಂತರ ಅನಿವಾರ್ಯವಾಗಬಹುದು, ನಿರ್ದಯತೆ ಅನಿವಾರ್ಯವಲ್ಲ. ಮುಂಚೆ ತಿಳಿಸುವುದು, ನೋವನ್ನು ಹಂತಹಂತವಾಗಿ ಕೊಡುವುದು, ಹಳೆಯ ಮಣ್ಣನ್ನು ಜೊತೆಗೆ ತರುವುದು, ಮುಖವಿದ್ದ ದಿಕ್ಕನ್ನು ಉಳಿಸುವುದು, ಬೇರು ಹಿಡಿಯುವವರೆಗೆ ಏನನ್ನೂ ಬಲವಂತ ಮಾಡದೆ ಕಾಯುವುದು. ಮಾಲಿಯು ಗಿಡಕ್ಕೆ ಮಾಡಿದ ಇಷ್ಟನ್ನಾದರೂ ಮನುಷ್ಯರಿಗೆ ಮಾಡಬಾರದೆ?

ಶ್ರಾವಣದಲ್ಲಿ ಕಾಂಡದ ಗಿಣ್ಣುಗಳಲ್ಲಿ ಚಿಗುರು ಕಾಣಿಸಿತು. ಒಂದು ಕವಲು ಒಣಗಿಹೋಯಿತು. ಅದನ್ನು ಮಾಲಿ ಸವರಿಹಾಕಿದ. ಬಾನಿಯಲ್ಲಿ ಊರಿದ ಕೊಂಬೆಗಳಲ್ಲಿ ಒಂದು ಬದುಕಿತು. ಅದನ್ನು ಲಾಲ್‌ಬಾಗಿನ ಮಾತಾಡಿದ್ದ ತಮ್ಮನೇ ಕೇಳಿ ತೆಗೆದುಕೊಂಡು ಹೋದ. ಆ ವರ್ಷ ಹೂವಿಲ್ಲ. ಮರುವರ್ಷದ ಭಾದ್ರಪದದಲ್ಲಿ ಒಂದು ಬೆಳಗ್ಗೆ, ಹಾಸಿದ ಬಟ್ಟೆಯ ಮೇಲೆ ಹನ್ನೊಂದು ಹೂಗಳು ಬಿದ್ದಿದ್ದವು. ಮಾತೃಶ್ರೀಯವರು ಎಣಿಸಿ ಆಯ್ದುಕೊಂಡು, "ಹಿಂದಿನಷ್ಟು ದೊಡ್ಡದಿಲ್ಲ. ಇರಲಿ, ಹೊಸ ನೀರಲ್ಲವೇ" ಎಂದರು. ಗಿಡಕ್ಕೆ ಹೇಳಿದರೋ, ನಮಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯದು. ಆ ಹೂವನ್ನೂ ಹಳೆಯ ಕಲ್ಲಿನಲ್ಲಿ ತೇಯ್ದ ಗಂಧವನ್ನೂ ಅಂದು ದೇವರಿಗೆ ಸಮರ್ಪಿಸಿದೆವು.

ಶ್ರೀಕೃಷ್ಣಾರ್ಪಣಮಸ್ತು.